ಹೆಸರು ಮುಚ್ಚಿಟ್ಟ ಬದುಕು: ಸುಳಿವುಗಳಿಂದ ಚರಿತ್ರೆಯ ವ್ಯಕ್ತಿಯನ್ನು ಗುರುತಿಸುವ ಬಗೆ

1837ರಲ್ಲಿ ಕಲ್ಕತ್ತದ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿದರು. ಅದುವರೆಗೆ ಮೂಕವಾಗಿದ್ದ ಬಂಡೆಗಳೂ ಕಂಬಗಳೂ ಮಾತಾಡತೊಡಗಿದವು. ಮಾತಾಡುತ್ತಿದ್ದವನು ಒಬ್ಬ ರಾಜ. ಯುದ್ಧ ಗೆದ್ದು ಪಶ್ಚಾತ್ತಾಪಪಟ್ಟವನು, ದಾರಿಯ ಬದಿಗೆ ಮರ ನೆಡಿಸಿ ಬಾವಿ ತೋಡಿಸಿದವನು, ಮನುಷ್ಯರಿಗೂ ದನಕರುಗಳಿಗೂ ಮದ್ದಿನ ವ್ಯವಸ್ಥೆ ಮಾಡಿಸಿದವನು. ಎಲ್ಲವೂ ಇತ್ತು, ಹೆಸರೊಂದು ಇರಲಿಲ್ಲ. ಇದ್ದದ್ದು ‘ದೇವಾನಂಪಿಯ ಪಿಯದಸಿ’ ಎಂಬ ಬಿರುದು. ಪ್ರಿನ್ಸೆಪ್ ಮೊದಲು ಇವನು ಸಿಂಹಳದ ದೇವಾನಂಪಿಯ ತಿಸ್ಸನೇ ಇರಬೇಕೆಂದು ಊಹಿಸಿದರು. ಬಿರುದು ಹೊಂದುತ್ತಿತ್ತು, ಆದರೆ ಊಹೆ ತಪ್ಪಾಗಿತ್ತು. ಸಿಂಹಳದಲ್ಲೇ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ದೀಪವಂಸ ಎಂಬ ಪಾಲಿ ಗ್ರಂಥದಲ್ಲಿ ‘ಪಿಯದಸ್ಸಿ’ ಎಂಬವನು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಎಂಬ ಮಾತನ್ನು ಕಂಡುಹಿಡಿದ ಮೇಲೆ ಉತ್ತರ ಸಿಕ್ಕಿತು: ಅಶೋಕ. ಆದರೂ ಆ ಹೆಸರು ಶಾಸನದಲ್ಲೇ ಕಾಣಲು ಇನ್ನೂ ಮುಕ್ಕಾಲು ಶತಮಾನ ಕಾಯಬೇಕಾಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರಿಗೆ ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ ಒಂದು ಬಂಡೆ ಶಾಸನ ಸಿಕ್ಕಿತು. ಅದರಲ್ಲಿ ‘ದೇವಾನಂಪಿಯಸ ಅಸೋಕಸ’ ಎಂದು ಬರೆದಿತ್ತು.

ನಾವು ಮನೆಯಲ್ಲಿ, ಶಾಲೆಯಲ್ಲಿ, ವಾಚನಾಲಯದಲ್ಲಿ ಆಡುವ ‘ನಾನು ಯಾರು?’ ಎಂಬ ಆಟದ ಅತಿ ದೊಡ್ಡ ಪಂದ್ಯ ಇದೇ ಎಂದು ನಾನು ನಂಬಿದ್ದೇನೆ. ಒಬ್ಬನ ಬದುಕಿನ ಸಂಗತಿಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುವುದು, ಕೇಳುವವರು ಹೆಸರು ಹೇಳುವುದು, ಇಷ್ಟೇ ಆಟ. ನಮ್ಮಲ್ಲಿ ಒಗಟು ಬಿಡಿಸುವ ರೂಢಿ ಹಳೆಯದು. ಕನಕದಾಸರ ಮುಂಡಿಗೆಗಳನ್ನು ಇಂದಿಗೂ ಕುಳಿತು ಬಿಡಿಸುವವರಿದ್ದಾರೆ. ಎಷ್ಟೋ ವರ್ಷ ಭಾನುವಾರದ ಸಂಜೆಗಳಲ್ಲಿ ಬೀದಿಯ ಮಕ್ಕಳನ್ನೂ ಅವರ ಅಜ್ಜ ಅಜ್ಜಿಯರನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ಈ ಆಟ ಆಡಿಸಿದ್ದೇನೆ. ಹೆಚ್ಚು ಓದಿದವರೇ ಗೆಲ್ಲುತ್ತಾರೆಂದು ಮೊದಲು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಸುಳಿವನ್ನು ತಾಳ್ಮೆಯಿಂದ ಓದಿದವರು ಗೆದ್ದರು. ಆ ಓದು ಹೇಗೆ ಎಂಬುದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲ ಹಂತ: ಹೆಸರನ್ನು ತಡೆಹಿಡಿಯಿರಿ

ಸುಳಿವು ಕಿವಿಗೆ ಬಿದ್ದ ತಕ್ಷಣ ಮನಸ್ಸಿಗೆ ಒಂದು ಹೆಸರು ಬರುತ್ತದೆ. ಅದನ್ನು ಹೇಳಬೇಡಿ. ಒಮ್ಮೆ ಹೇಳಿದ ಹೆಸರಿಗೆ ಮನಸ್ಸು ಅಂಟಿಕೊಳ್ಳುತ್ತದೆ, ಆಮೇಲೆ ಬರುವ ಸುಳಿವುಗಳನ್ನೆಲ್ಲ ಅದಕ್ಕೇ ಹೊಂದಿಸಲು ನೋಡುತ್ತದೆ. ಬದಲಿಗೆ ಒಂದು ಹಾಳೆ ತೆಗೆದುಕೊಂಡು ಮೂರು ಪದ ಬರೆಯಿರಿ: ಕಾಲ, ಊರು, ಕಸುಬು. ಪ್ರತಿ ಸುಳಿವು ಬಂದಾಗಲೂ ಈ ಮೂರರ ಕೆಳಗೆ ಏನು ತಿಳಿಯಿತು ಎಂದಷ್ಟೇ ಬರೆದುಕೊಳ್ಳಿ. ಏನೂ ತಿಳಿಯದಿದ್ದರೆ ಖಾಲಿ ಬಿಡಿ. ಯಾವುದು ಖಾಲಿ ಉಳಿದಿದೆ ಎಂದು ತಿಳಿದಿರುವುದು ಅರ್ಧ ಕೆಲಸ.

ಎರಡನೆಯ ಹಂತ: ಕಾಲವನ್ನು ಹಿಡಿಯಿರಿ, ಇಸವಿ ಹೇಳದಿದ್ದರೂ

ಒಳ್ಳೆಯ ಸುಳಿವುಗಾರರು ಇಸವಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದರೆ ಕಾಲವನ್ನು ಪೂರ್ತಿ ಮುಚ್ಚಿಡಲು ಯಾರಿಗೂ ಆಗುವುದಿಲ್ಲ. ಉಗಿಬಂಡಿ, ತಂತಿ, ಅಚ್ಚಿನ ಮೊಳೆ, ಫಿರಂಗಿ, ತಾಳೆಗರಿ, ಇವೆಲ್ಲ ಗಡಿಯಾರಗಳೇ. ನನಗೆ ಇವೆಲ್ಲಕ್ಕಿಂತ ನೆಚ್ಚಿನ ಗಡಿಯಾರವೆಂದರೆ ಎದುರಾಳಿ.

ಈ ಸುಳಿವು ನೋಡಿ: “ಗಂಡ ತೀರಿಕೊಂಡ ಮೇಲೆ ರಾಜ್ಯ ನಡೆಸಿದೆ. ಮಗನನ್ನು ದತ್ತು ತೆಗೆದುಕೊಂಡೆ. ನನಗಿಂತ ಬಹಳ ದೊಡ್ಡ ಶಕ್ತಿಯೊಂದರ ಸೈನ್ಯವನ್ನು ಎದುರಿಸಿದೆ.” ಹತ್ತರಲ್ಲಿ ಒಂಬತ್ತು ಮಂದಿ ‘ಕಿತ್ತೂರು ಚೆನ್ನಮ್ಮ’ ಎಂದು ಕೂಗುತ್ತಾರೆ. ಉತ್ತರ ಭಾರತದವರನ್ನು ಕೇಳಿದರೆ ‘ಝಾನ್ಸಿ ಲಕ್ಷ್ಮೀಬಾಯಿ’ ಎನ್ನುತ್ತಾರೆ. ಆದರೆ ಇದೇ ಮೂರು ವಾಕ್ಯ ಕೆಳದಿಯ ಚೆನ್ನಮ್ಮಾಜಿಗೂ ಅಕ್ಷರಶಃ ಹೊಂದುತ್ತದೆ. ಮೂವರೂ ವಿಧವೆಯರು, ಮೂವರೂ ದತ್ತು ಪಡೆದವರು, ಮೂವರೂ ಯುದ್ಧಕ್ಕೆ ನಿಂತವರು. ಇವರನ್ನು ಬೇರ್ಪಡಿಸುವುದು ಎದುರಾಳಿ. ಔರಂಗಜೇಬನ ಸೈನ್ಯ ಎಂದರೆ ಕೆಳದಿ, ಅಂದರೆ 17ನೆಯ ಶತಮಾನದ ಕೊನೆಯ ಭಾಗ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದರಿಂದ ಆಕೆಗೆ ಆ ಯುದ್ಧ ಬಂತು. ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ ಕದನ ಎಂದರೆ ಕಿತ್ತೂರು, 1824ರ ಅಕ್ಟೋಬರ್. 1857ರ ದಂಗೆ ಎಂದರೆ ಝಾನ್ಸಿ. ಅವರ ಕೊನೆಯೂ ಬೇರೆ ಬೇರೆ. ಕಿತ್ತೂರಿನ ರಾಣಿ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ಕಣ್ಣು ಮುಚ್ಚಿದಳು. ಲಕ್ಷ್ಮೀಬಾಯಿ 1858ರಲ್ಲಿ ಗ್ವಾಲಿಯರ್ ಬಳಿಯ ರಣರಂಗದಲ್ಲಿ ಮಡಿದಳು. ಇನ್ನು ಎದುರಾಳಿ ಪೋರ್ಚುಗೀಸರಾದರೆ ಇನ್ನೂ ಹಿಂದಕ್ಕೆ, 16ನೆಯ ಶತಮಾನದ ಕರಾವಳಿಗೆ ಹೋಗಿ ಉಳ್ಳಾಲದ ಅಬ್ಬಕ್ಕನನ್ನು ನೆನೆಯಬೇಕು. ಆದ್ದರಿಂದ ಯುದ್ಧದ ಸುಳಿವು ಬಂದಾಗ ‘ಯಾರು ಹೋರಾಡಿದರು’ ಎಂಬುದಕ್ಕಿಂತ ಮುಂಚೆ ‘ಯಾರ ಮೇಲೆ’ ಎಂದು ಕೇಳಿಕೊಳ್ಳಿ.

ಶಾಸನದ ಕಾಲಮಾನ ಬಂದರೆ ಹೆದರಬೇಡಿ. ಶಕ ವರ್ಷಕ್ಕೆ 78 ಕೂಡಿಸಿದರೆ ಹೆಚ್ಚು ಕಡಿಮೆ ಕ್ರಿಸ್ತಶಕ ಸಿಗುತ್ತದೆ. “ನನ್ನ ಆಸ್ಥಾನದ ಕವಿ ಶಕ 556ರಲ್ಲಿ ಬೆಟ್ಟದ ಮೇಲಿನ ಜಿನಾಲಯದ ಗೋಡೆಗೆ ನನ್ನ ಹೊಗಳಿಕೆ ಕೆತ್ತಿಸಿದ” ಎಂದರೆ 634. ಅಲ್ಲಿಂದ ಐಹೊಳೆ, ರವಿಕೀರ್ತಿ, ಇಮ್ಮಡಿ ಪುಲಿಕೇಶಿ, ಮೂರೇ ಹೆಜ್ಜೆ.

ಮೂರನೆಯ ಹಂತ: ಊರನ್ನು ಅಂದಿನ ನಕ್ಷೆಯಲ್ಲಿ ಹುಡುಕಿ

ಇಲ್ಲಿ ಸೋಲುವವರೇ ಹೆಚ್ಚು. ನಮ್ಮ ತಲೆಯಲ್ಲಿರುವುದು ಇಂದಿನ ನಕ್ಷೆ, ಸುಳಿವಿನಲ್ಲಿರುವುದು ಅಂದಿನದು. ‘ಮುಂಬಯಿ ಪ್ರಾಂತ್ಯ’ ಎಂದೊಡನೆ ಮರಾಠಿಗರತ್ತ ಓಡುತ್ತೇವೆ. 1956ಕ್ಕೆ ಮುಂಚೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಅಲ್ಲೇ ಇದ್ದವು. ‘ಮದರಾಸು ಪ್ರಾಂತ್ಯ’ ಎಂದೊಡನೆ ತಮಿಳರತ್ತ ನೋಡುತ್ತೇವೆ. ಮಂಗಳೂರೂ ಬಳ್ಳಾರಿಯೂ ಅದರಲ್ಲಿದ್ದವು. ನಿಜಾಮರ ಪ್ರಜೆ ಎಂದರೆ ಕಲಬುರಗಿ, ರಾಯಚೂರು, ಬೀದರಿನವರೂ ಆಗಬಹುದು. ಕೊಡಗು ಬೇರೆಯೇ ಇತ್ತು. ಕನ್ನಡಿಗರು ಇಷ್ಟು ಚೂರಾಗಿ ಬದುಕಿದ್ದರೆಂಬುದು ಮಕ್ಕಳಿಗೆ ಪಠ್ಯದ ಪುಟಕ್ಕಿಂತ ಈ ಆಟದಲ್ಲಿ ಚೆನ್ನಾಗಿ ನಾಟುತ್ತದೆ. ಮನೆಯಲ್ಲಿ ಒಂದು ಹಳೆಯ ನಕ್ಷೆ ಇದ್ದರೆ ಗೋಡೆಗೆ ಹಚ್ಚಿಡಿ.

ಊರಿನ ಸುಳಿವಿನಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಸರ್ ವಿಲಿಯಂ ಜೋನ್ಸ್ ಅವರ ಉದಾಹರಣೆಯನ್ನು ಹೇಳಲೇಬೇಕು. ಗ್ರೀಕ್ ಬರಹಗಾರರು ‘ಸಾಂಡ್ರಕೊಟಸ್’ ಎಂಬ ಭಾರತದ ರಾಜನ ಬಗ್ಗೆ ಬರೆದಿದ್ದರು. ಅವನ ರಾಜಧಾನಿ ‘ಪಾಲಿಬೋತ್ರ’, ಅದು ಗಂಗೆಯೂ ‘ಎರನ್ನೊಬೊಅಸ್’ ಎಂಬ ನದಿಯೂ ಕೂಡುವ ಜಾಗದಲ್ಲಿದೆ ಎಂಬುದು ಅವರ ಮಾತು. ಪಾಲಿಬೋತ್ರ ಎಂದರೆ ಪಾಟಲಿಪುತ್ರ ಇರಬಹುದೆಂದು ಜೋನ್ಸ್ ಅವರಿಗೆ ಅನ್ನಿಸುತ್ತಿತ್ತು, ಆದರೆ ಎರನ್ನೊಬೊಅಸ್ ಎಂಬ ನದಿ ಅಲ್ಲಿ ಎಲ್ಲಿದೆ? ಪಾಟ್ನಾದ ಸಮೀಪ ಗಂಗೆಯನ್ನು ಕೂಡುವುದು ಸೋನ್ ನದಿ. ಒಂದು ಸಂಸ್ಕೃತ ಗ್ರಂಥ ಓದುವಾಗ ಸೋನ್ ನದಿಗೆ ‘ಹಿರಣ್ಯಬಾಹು’ ಎಂಬ ಇನ್ನೊಂದು ಹೆಸರಿರುವುದು ಅವರ ಕಣ್ಣಿಗೆ ಬಿತ್ತು. ಹಿರಣ್ಯಬಾಹು, ಎರನ್ನೊಬೊಅಸ್. ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿ. ಊರು ಖಚಿತವಾದ ಮೇಲೆ ರಾಜನೂ ಖಚಿತವಾದ: ಸಾಂಡ್ರಕೊಟಸ್ ಬೇರೆ ಯಾರೂ ಅಲ್ಲ, ಚಂದ್ರಗುಪ್ತ ಮೌರ್ಯ. 1793ರಲ್ಲಿ ಅವರು ಇದನ್ನು ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯಲ್ಲಿ ಸಾರಿದರು. ಪ್ರಾಚೀನ ಭಾರತದ ಕಾಲಗಣನೆಗೆ ಗಟ್ಟಿಯಾದ ಮೊದಲ ಗೂಟ ಹೊಡೆದದ್ದು ಹೀಗೆ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಇದೇ ಚಂದ್ರಗುಪ್ತ ಭದ್ರಬಾಹುವಿನ ಜೊತೆ ಇಲ್ಲಿಗೆ ಬಂದು ದೇಹ ಬಿಟ್ಟನೆಂಬುದು ಅಲ್ಲಿನ ಜೈನ ಪರಂಪರೆಯ ನಂಬಿಕೆ.

ಊರಿನ ಹಳೆಯ ಹೆಸರು, ನದಿಯ ಇನ್ನೊಂದು ಹೆಸರು, ಬೇರೆ ಭಾಷೆಯವರ ಬಾಯಲ್ಲಿ ತಿರುಚಿದ ಹೆಸರು, ಈ ಮೂರನ್ನೂ ಯಾವಾಗಲೂ ಯೋಚಿಸಿ ನೋಡಿ.

ನಾಲ್ಕನೆಯ ಹಂತ: ಹೊಟ್ಟೆಪಾಡು ಬೇರೆ, ಹೆಸರು ತಂದ ಕೆಲಸ ಬೇರೆ

“ಕಚೇರಿಯಲ್ಲಿ ಗುಮಾಸ್ತನಾಗಿದ್ದೆ” ಎಂಬ ಸುಳಿವು ಬಂದರೆ ಗುಮಾಸ್ತರನ್ನು ಹುಡುಕಬೇಡಿ. 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದವರು ಶ್ರೀನಿವಾಸ ರಾಮಾನುಜನ್. 1902ರಿಂದ 1909ರವರೆಗೆ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಪರರ ಆವಿಷ್ಕಾರಗಳ ಅರ್ಜಿ ಪರೀಕ್ಷಿಸುತ್ತಿದ್ದವರು ಐನ್‌ಸ್ಟೈನ್. ಹಗಲು ಕಲ್ಕತ್ತದ ಹಣಕಾಸು ಇಲಾಖೆಯಲ್ಲಿ ದುಡಿದು, ಕಚೇರಿಯ ಹೊತ್ತಿನ ಮುಂಚೆಯೂ ಆಮೇಲೂ ಬೌಬಜಾರಿನ ಪ್ರಯೋಗಶಾಲೆಗೆ ಓಡುತ್ತಿದ್ದವರು ಸಿ.ವಿ. ರಾಮನ್. ಧರ್ಮಪ್ರಚಾರಕ್ಕೆಂದು ಬಾಸೆಲ್ ಮಿಷನ್ನಿನಿಂದ ಬಂದ ಜರ್ಮನರಿಬ್ಬರನ್ನು ನಾವು ನೆನೆಯುವುದು ಧರ್ಮಕ್ಕಾಗಿ ಅಲ್ಲ. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು, ಕಿಟ್ಟೆಲ್ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. “ಜರ್ಮನಿಯಿಂದ ಬಂದೆ, ಕನ್ನಡ ಕಲಿತೆ” ಎಂಬಲ್ಲಿಗೆ ಇಬ್ಬರೂ ನಿಮ್ಮ ಮುಂದೆ ನಿಂತಿರುತ್ತಾರೆ. ‘ಪತ್ರಿಕೆ’ ಎಂಬ ಪದಕ್ಕೋ ‘ಪದಸಂಗ್ರಹ’ ಎಂಬ ಪದಕ್ಕೋ ಕಾಯಿರಿ.

ಐದನೆಯ ಹಂತ: ಉಳಿದವರನ್ನು ಸಾಲಾಗಿ ನಿಲ್ಲಿಸಿ

ಕಾಲ, ಊರು, ಕಸುಬು ಮೂರೂ ಸಿಕ್ಕ ಮೇಲೂ ಸಾಮಾನ್ಯವಾಗಿ ಇಬ್ಬರು ಮೂವರು ಉಳಿಯುತ್ತಾರೆ. ಈಗ ಹೆಸರುಗಳನ್ನು ಬರೆಯಬಹುದು. ಬರೆದು, ಪ್ರತಿಯೊಬ್ಬರಿಗೂ ‘ಇವರಲ್ಲ’ ಎನ್ನಲು ಕಾರಣ ಹುಡುಕಿ. ‘ಇವರೇ’ ಎನ್ನಲು ಕಾರಣ ಹುಡುಕುವುದಕ್ಕಿಂತ ಇದು ನಂಬಿಕೆಗೆ ಯೋಗ್ಯವಾದ ದಾರಿ.

“ಮನೆಮಾತು ಕನ್ನಡವಲ್ಲ, ಆದರೂ ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದೆ.” ಮೂವರು ನಿಲ್ಲುತ್ತಾರೆ: ಮರಾಠಿ ಮನೆಮಾತಿನ ಬೇಂದ್ರೆ, ತಮಿಳು ಮನೆಮಾತಿನ ಮಾಸ್ತಿ, ಕೊಂಕಣಿ ಮನೆಮಾತಿನ ಗಿರೀಶ ಕಾರ್ನಾಡ. ಮುಂದಿನ ಸುಳಿವು “ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿದ್ದೆ” ಎಂದಾದರೆ ಇಬ್ಬರು ಕೆಳಗೆ ಕೂತರು. “ಹುಟ್ಟಿದ ದಿನವೇ ತೀರಿಕೊಂಡೆ” ಎಂದರೂ ಅವರೇ. ಮಾಸ್ತಿ ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6.

ಒಂದೇ ಘಟನೆಯಲ್ಲಿ ಹಲವರು ಇದ್ದಾಗ ಈ ಹಂತ ಇನ್ನೂ ಸೊಗಸು. 1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್ ಅಧಿವೇಶನವನ್ನೇ ನೋಡಿ. “ಅಧ್ಯಕ್ಷತೆ ವಹಿಸಿದೆ, ನನ್ನ ಬದುಕಿನಲ್ಲಿ ಅದೊಂದೇ ಬಾರಿ” ಎಂದರೆ ಗಾಂಧೀಜಿ. “ಆ ಅಧಿವೇಶನದ ಏರ್ಪಾಡಿನ ಭಾರ ಹೊತ್ತೆ, ಜನ ಸಿಂಹವೆಂದರು” ಎಂದರೆ ಗಂಗಾಧರರಾವ್ ದೇಶಪಾಂಡೆ. “ಸ್ವಯಂಸೇವಕರ ದಳ ಕಟ್ಟಿದೆ” ಎಂದರೆ ಡಾ. ನಾ.ಸು. ಹರ್ಡೀಕರ್. “ನಾನು ಬರೆದ ಹಾಡನ್ನು ಅಲ್ಲಿ ಹಾಡಿದರು, ನಾಡು ಒಂದಾಗುವವರೆಗೂ ಕನ್ನಡಿಗರು ಅದನ್ನೇ ಹಾಡಿಕೊಂಡರು” ಎಂದರೆ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಬರೆದ ಹುಯಿಲಗೋಳ ನಾರಾಯಣರಾಯರು. “ಹನ್ನೊಂದರ ಹುಡುಗಿ, ಸ್ವಾಗತದ ಹಾಡು ಹಾಡಿದೆ” ಎಂದರೆ ಮುಂದೆ ಇಡೀ ದೇಶ ತಲೆದೂಗಿದ ಗಂಗೂಬಾಯಿ ಹಾನಗಲ್. ಒಂದೇ ಚಪ್ಪರ, ಐದು ಬದುಕು. ಘಟನೆ ಗೊತ್ತಾದರೆ ಸಾಲದು, ಅಲ್ಲಿ ಆ ವ್ಯಕ್ತಿ ಎಲ್ಲಿ ನಿಂತಿದ್ದರು, ಏನು ಮಾಡುತ್ತಿದ್ದರು ಎಂಬುದು ಬೇಕು. ಆದ್ದರಿಂದ ಸುಳಿವಿನ ಕ್ರಿಯಾಪದಕ್ಕೆ ಅಡಿಗೆರೆ ಹಾಕಿ. ಹಾಡಿದೆ, ಬರೆದೆ, ಕಟ್ಟಿದೆ, ಕೂತೆ: ಉತ್ತರ ಅಲ್ಲಿರುತ್ತದೆ.

ಎರಡು ಬಲೆಗಳು

ಹುಟ್ಟಿದ ದಿನಾಂಕ ಬೆರಳಚ್ಚಿನಂತೆ ಎಂದು ಹಲವರ ಭಾವನೆ. ಅಲ್ಲ. ಡಾರ್ವಿನ್ ಮತ್ತು ಲಿಂಕನ್ ಹುಟ್ಟಿದ್ದು ಒಂದೇ ದಿನ, 1809ರ ಫೆಬ್ರವರಿ 12. ಇಸವಿಯೂ ಅದೇ. ನವೆಂಬರ್ 7ರಂದು ಹುಟ್ಟಿ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದವರು ಎಂದರೆ 1867ರ ಮೇರಿ ಕ್ಯೂರಿಯೂ ಹೌದು, 1888ರ ರಾಮನ್ ಅವರೂ ಹೌದು. ದಿನಾಂಕವನ್ನು ಕೊನೆಯಲ್ಲಿ ತಾಳೆ ನೋಡಲು ಇಟ್ಟುಕೊಳ್ಳಿ.

ಎರಡನೆಯ ಬಲೆ ಕಥೆಗಳದು. ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಹಚ್ಚುತ್ತಿದ್ದರು ಎಂಬ ಕಥೆಯನ್ನು ನಾವು ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಕೇಳಿ ಬೆಳೆದವರು. ಇದೇ ಕಥೆಯನ್ನು ದೀಪ ಬದಲಿಸಿ ಚಾಣಕ್ಯನಿಗೂ ಹೇಳುತ್ತಾರೆ, ಖಲೀಫ ಎರಡನೆಯ ಉಮರ್ ಅವರಿಗೂ ಹೇಳುತ್ತಾರೆ. ಕಥೆಯ ಹಿಂದಿನ ಗೌರವ ನಿಜವಾದದ್ದು. ಆದರೆ ಹೀಗೆ ಮನೆಯಿಂದ ಮನೆಗೆ ಹೋಗುವ ಕಥೆಯಿಂದ ವ್ಯಕ್ತಿಯನ್ನು ಗುರುತಿಸಲಾಗದು. ವಿಶ್ವೇಶ್ವರಯ್ಯನವರನ್ನು ಗುರುತಿಸಬೇಕಾದರೆ ಪುಣೆ ಬಳಿಯ ಖಡಕ್ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳಿವೆ, 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ಹಾಕಿಕೊಟ್ಟ ಯೋಜನೆ ಇದೆ, 1912ರಿಂದ 1918ರವರೆಗಿನ ದಿವಾನಗಿರಿ ಇದೆ. ಇವು ಬೇರೆಯವರಿಗೆ ಹೊಂದುವುದಿಲ್ಲ.

ಈಗ ನೀವೇ ಸುಳಿವು ಹೆಣೆಯಿರಿ

ಬಿಡಿಸುವುದಕ್ಕಿಂತ ಹೆಣೆಯುವುದು ಕಷ್ಟ, ಹೆಣೆದವರೇ ಹೆಚ್ಚು ಕಲಿಯುವುದು. ಐದು ಸುಳಿವು ಸಾಕು. ಮೊದಲನೆಯದು ಅತಿ ಕಠಿಣ, ಐದನೆಯದು ಸುಲಭ. ಬಿರುದು, ಪ್ರಶಸ್ತಿ, ಪ್ರಸಿದ್ಧ ಮಾತು ಇವನ್ನು ಮೊದಲೇ ಕೊಟ್ಟುಬಿಟ್ಟರೆ ಆಟ ಮುಗಿದಂತೆ. ‘ಶಾಸನ ಪಿತಾಮಹ’ ಎಂದಮೇಲೆ ಬಿ.ಎಲ್. ರೈಸ್ ಅವರ ಬಗ್ಗೆ ಯೋಚಿಸಲು ಏನು ಉಳಿಯಿತು? ಅದರ ಬದಲು “ಇಂಗ್ಲಿಷರ ಮಗ, ಆದರೆ ಹುಟ್ಟಿದ್ದು ಬೆಂಗಳೂರಿನಲ್ಲಿ, ನನ್ನ ಕೆಲಸ ಹೊಲ, ಗುಡಿ, ಕೆರೆ ಏರಿಗಳ ಮೇಲಿನ ಕಲ್ಲು ಓದುವುದು” ಎನ್ನಿ.

ನಾನು ತುಂಬ ಪ್ರೀತಿಯಿಂದ ಹೆಣೆದ ಒಂದು ಸರಣಿ ಇಲ್ಲಿದೆ. ಒಂದೊಂದನ್ನೂ ಓದಿ ನಿಲ್ಲಿಸಿ ಯೋಚಿಸಿ.

ಒಂದು: “ನಾನು ಅಚ್ಚು ಹಾಕಿಸಿದ ಕಾವ್ಯ ನನ್ನದಲ್ಲ. ನನಗಿಂತ ಒಂದು ಶತಮಾನಕ್ಕೂ ಹಿಂದೆ ಬದುಕಿದ್ದ ಹೆಣ್ಣುಮಗಳೊಬ್ಬಳದು. ಸರ್ಕಾರ ಅದನ್ನು ಅಶ್ಲೀಲವೆಂದು ನಿಷೇಧಿಸಿತು.”

ಎರಡು: “ಹುಟ್ಟಿದ್ದು ಕಪಿಲೆಯ ದಡದ ಊರಿನಲ್ಲಿ. ಮಣ್ಣಾದದ್ದು ಕಾವೇರಿಯ ದಡದ ಊರಿನಲ್ಲಿ.”

ಮೂರು: “ಗಂಡಸರಷ್ಟೇ ಹಾಡುತ್ತಿದ್ದ ಒಂದು ಆರಾಧನೆಯಲ್ಲಿ ಹೆಂಗಸರೂ ಹಾಡುವಂತಾಗಲು ಹೋರಾಡಿದೆ.”

ನಾಲ್ಕು: “ನನ್ನ ಗಳಿಕೆಯನ್ನೆಲ್ಲ ಒಬ್ಬ ವಾಗ್ಗೇಯಕಾರರ ಸಮಾಧಿಗೆ ಸುರಿದೆ.”

ಐದು: “ನನ್ನ ಹೆಸರಿನ ಮುಂದೆ ಒಂದು ಊರಿನ ಹೆಸರು ಸೇರಿಕೊಂಡಿದೆ. ಅದು ನಾನು ಹುಟ್ಟಿದ ಊರಲ್ಲ.”

ಮೊದಲ ಸುಳಿವಿನಲ್ಲಿ ಅಚ್ಚು, ನಿಷೇಧ ಎಂಬ ಎರಡು ಪದ ಬ್ರಿಟಿಷರ ಕಾಲವನ್ನು ಹೇಳುತ್ತವೆ. ಎರಡನೆಯದು ನಂಜನಗೂಡನ್ನೂ ಕಾವೇರಿ ತೀರವನ್ನೂ ತೋರಿಸುತ್ತದೆ, ಆದರೆ ಕಾವೇರಿ ಉದ್ದದ ನದಿ. ಮೂರನೆಯದು ಕಸುಬು ಹೇಳಿತು: ಗಾಯಕಿ. ಕಾವೇರಿ ದಡ, ಆರಾಧನೆ, ಸಮಾಧಿ ಎಂದಾಗ ತಿರುವಯ್ಯಾರು, ತ್ಯಾಗರಾಜರು. ಉತ್ತರ: ಬೆಂಗಳೂರು ನಾಗರತ್ನಮ್ಮ, 1878ರಿಂದ 1952ರವರೆಗೆ ಬಾಳಿದವರು, ದೇವದಾಸಿ ಮನೆತನದವರು. ಅವರು ಅಚ್ಚು ಹಾಕಿಸಿದ್ದು 18ನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’. ತ್ಯಾಗರಾಜರ ಸಮಾಧಿಯ ಹತ್ತಿರದಲ್ಲೇ ಅವರ ಸಮಾಧಿಯೂ ಇದೆ. ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಅದೇ ತಿರುವಯ್ಯಾರಿನ ಮುಂದೆ ಹರಿದು ಹೋಗುತ್ತದೆ. ಎರಡನೆಯ ಸುಳಿವು ಬರೆಯುವಾಗ ಇದು ಹೊಳೆದು ನನಗೆ ಒಂದು ಗಳಿಗೆ ಸುಮ್ಮನೆ ಕೂರುವಂತಾಯಿತು. ಆ ನೀರಿನ ದಾರಿಯಲ್ಲೇ ಅವರ ಬದುಕೂ ಹರಿದಿತ್ತು.

ಸುಳಿವು ಹೆಣೆಯುವವರು ಇಂಥದ್ದಕ್ಕಾಗಿ ಹುಡುಕಬೇಕು. ಪ್ರಶಸ್ತಿಗಳ ಪಟ್ಟಿಯಲ್ಲಿ ಅದು ಸಿಗುವುದಿಲ್ಲ. ಆ ವ್ಯಕ್ತಿ ಯಾವುದಕ್ಕೆ ಸೋತರು, ಏನನ್ನು ಹಿಂತಿರುಗಿಸಿದರು, ಯಾವ ಊರು ಬಿಟ್ಟು ಯಾವ ಊರಿಗೆ ಹೋದರು ಎಂದು ಕೇಳಿ. ಶಿವರಾಮ ಕಾರಂತರಿಗೆ ಜ್ಞಾನಪೀಠ ಬಂದದ್ದಕ್ಕಿಂತ, ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂತಿರುಗಿಸಿದ್ದು ಒಳ್ಳೆಯ ಸುಳಿವು. ಗಾಂಧೀಜಿಯವರಿಗೆ ಬ್ರಿಟಿಷ್ ಸರ್ಕಾರ 1915ರಲ್ಲಿ ಕೈಸರ್-ಎ-ಹಿಂದ್ ಪದಕ ಕೊಟ್ಟಿತ್ತು, 1920ರಲ್ಲಿ ಅವರು ಅದನ್ನು ಮರಳಿಸಿದರು ಎಂಬುದು ದೊಡ್ಡವರನ್ನೂ ಬೆರಗಾಗಿಸುತ್ತದೆ.

ತಾಳೆ ನೋಡದೆ ಸುಳಿವು ಕೊಡಬೇಡಿ

ಒಮ್ಮೆ ನಾನು ವಿಶ್ವೇಶ್ವರಯ್ಯನವರ ಹುಟ್ಟಿದ ಇಸವಿಯನ್ನು ಸುಳಿವಾಗಿ ಕೊಟ್ಟೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ತನ್ನ ಪುಸ್ತಕದಲ್ಲಿ ಬೇರೆ ಇಸವಿ ಇದೆ ಎಂದಳು. ಅವಳು ಹೇಳಿದ್ದು ಸರಿ. 1860 ಎಂದೂ 1861 ಎಂದೂ ಎರಡೂ ಅಚ್ಚಾಗಿವೆ. ಅಂದಿನಿಂದ ಎರಡು ಬೇರೆ ಬೇರೆ ಪುಸ್ತಕಗಳಲ್ಲಿ ಒಂದೇ ರೀತಿ ಕಂಡ ಸಂಗತಿಯನ್ನಷ್ಟೇ ಬಳಸುತ್ತೇನೆ. ಆ ಎರಡರಲ್ಲಿ ಒಂದು ಇನ್ನೊಂದನ್ನು ನೋಡಿ ಬರೆದದ್ದಲ್ಲ ಎಂಬುದನ್ನೂ ನೋಡಿಕೊಳ್ಳುತ್ತೇನೆ. ಮೊಬೈಲಿನಲ್ಲಿ ಹರಿದುಬರುವ ಜೀವನಚರಿತ್ರೆಯ ತುಣುಕುಗಳನ್ನು ಮುಟ್ಟುವುದಿಲ್ಲ. ಮಗುವಿನ ತಲೆಯಲ್ಲಿ ಕೂತ ತಪ್ಪು ಇಸವಿ ಮುಂದೆ ಮೂವತ್ತು ವರ್ಷ ಅಲ್ಲೇ ಇರುತ್ತದೆ.

ಹೆಣೆದ ಸುಳಿವನ್ನು ಆಡಿಸುವ ಮುಂಚೆ ಇನ್ನೊಂದು ಕೆಲಸ ಮಾಡಿ. ಐದನ್ನೂ ಓದಿ, ಇವೆಲ್ಲ ಹೊಂದುವ ಇನ್ನೊಬ್ಬರು ಇದ್ದಾರೆಯೇ ಎಂದು ನೀವೇ ಹುಡುಕಿ. ಒಬ್ಬರಾದರೂ ಸಿಕ್ಕರೆ ಸುಳಿವು ಬದಲಿಸಿ. ಯಾರಾದರೂ ನೀವು ನೆನೆಯದ, ಆದರೆ ಹೊಂದುವ ಹೆಸರು ಹೇಳಿದರೆ ಅಂಕ ಅವರದ್ದೇ.

ಆಡುವ ಕ್ರಮ

ಅಂಕದ ಲೆಕ್ಕ ಸರಳವಾಗಿರಲಿ. ಮೊದಲ ಸುಳಿವಿಗೇ ಉತ್ತರ ಹೇಳಿದರೆ ಐದು, ಎರಡನೆಯದಕ್ಕೆ ನಾಲ್ಕು, ಹೀಗೆ ಇಳಿಯುತ್ತ ಬರಲಿ. ತಪ್ಪು ಹೇಳಿದವರು ಮುಂದಿನ ಒಂದು ಸುಳಿವಿನವರೆಗೆ ಸುಮ್ಮನಿರಬೇಕು. ಅಂಕ ಕಳೆಯಬೇಡಿ, ಮಕ್ಕಳು ಬಾಯಿ ಮುಚ್ಚಿಕೊಂಡುಬಿಡುತ್ತಾರೆ. ಉತ್ತರ ಹೇಳಿದವರು ‘ಹೇಗೆ ಗೊತ್ತಾಯಿತು’ ಎಂದೂ ಹೇಳಬೇಕು. ಕಾರಣ ಹೇಳಿದರೆ ಇನ್ನೊಂದು ಅಂಕ. ನನ್ನ ಅನುಭವದಲ್ಲಿ ಆಟದ ಜೀವ ಇರುವುದು ಈ ಒಂದು ಅಂಕದಲ್ಲಿ.

ಹಿರಿಯರು ಕಿರಿಯರು ಕೂಡಿ ಆಡುವಾಗ ಜೋಡಿ ಮಾಡಿ. ಅಜ್ಜನಿಗೆ 1956ರ ನವೆಂಬರ್ 1 ನೆನಪಿರಬಹುದು, ಮೊಮ್ಮಗಳಿಗೆ ಮೇರಿ ಕ್ಯೂರಿ ಗೊತ್ತಿರುತ್ತದೆ.

ಸುಳಿವು ಹೆಣೆಯಲು ಸಮಯವಿಲ್ಲದಿದ್ದರೆ ಹೌದು, ಅಲ್ಲ ಎಂಬ ಉತ್ತರದ ಇಪ್ಪತ್ತು ಪ್ರಶ್ನೆಗಳ ಆಟ ಆಡಬಹುದು. ಅಲ್ಲಿ ಪ್ರತಿ ಪ್ರಶ್ನೆಯೂ ಉಳಿದವರನ್ನು ಸರಿಸುಮಾರು ಅರ್ಧಕ್ಕೆ ಇಳಿಸುವಂತಿರಬೇಕು. ಹಾಗೆ ಇಳಿಸಿದರೆ ಇಪ್ಪತ್ತು ಪ್ರಶ್ನೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ನಡುವಿನಿಂದ ಒಬ್ಬರನ್ನು ಹೆಕ್ಕಬಹುದು. ‘ಅವರು ಗಾಂಧೀಜಿಯೇ?’ ಎಂದು ಕೇಳಿದರೆ ಒಂದು ಪ್ರಶ್ನೆ ಹೋಯಿತು, ಒಬ್ಬರೇ ಕಡಿಮೆಯಾದರು. ‘1800ಕ್ಕಿಂತ ಮುಂಚೆ ಹುಟ್ಟಿದವರೇ?’ ಎಂದು ಕೇಳಿ.

ನಿಮಗಾಗಿ ಒಂದು ಸರಣಿ ಇಟ್ಟಿದ್ದೇನೆ. ಹಾಳೆಯ ಮೇಲೆ ಕಾಲ, ಊರು, ಕಸುಬು ಎಂದು ಬರೆದುಕೊಂಡು ಕೂರಿ.

“ನನ್ನ ಕೈಗೆ ಸಿಕ್ಕಿ ಉಳಿದುಕೊಂಡ ಕಸುಬುಗಳು ನೂರಾರು, ಅವುಗಳಲ್ಲಿ ಒಂದೂ ನನ್ನ ಕಸುಬಲ್ಲ.

ಚಿಕ್ಕಂದಿನಲ್ಲೇ ಮದುವೆಯಾಗಿ ವಿಧವೆಯಾದೆ. ಜನ ಆಡಿಕೊಂಡರೂ ಮತ್ತೆ ಮದುವೆಯಾದೆ. ನನ್ನ ನಾದಿನಿಯೂ ಚರಿತ್ರೆಯ ಪುಸ್ತಕದಲ್ಲಿದ್ದಾಳೆ.

1926ರಲ್ಲಿ ಶಾಸನಸಭೆಯ ಚುನಾವಣೆಗೆ ನಿಂತೆ. ಅದಕ್ಕೆ ಮುಂಚೆ ಈ ದೇಶದಲ್ಲಿ ಯಾವ ಹೆಂಗಸೂ ನಿಂತಿರಲಿಲ್ಲ. ಸ್ವಲ್ಪದರಲ್ಲಿ ಸೋತೆ.

ನಾಲ್ಕು ವರ್ಷದ ನಂತರ ಮುಂಬಯಿಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದೆ. ದೇಶ ಒಡೆದಾಗ ಮನೆ ಕಳೆದುಕೊಂಡು ಬಂದವರಿಗೆ ದೆಹಲಿಯ ಬಳಿ ಒಂದು ಊರು ಕಟ್ಟಲು ದುಡಿದೆ.

ನಾನು ಹುಟ್ಟಿದ ಊರು ಆಗ ಮದರಾಸು ಪ್ರಾಂತ್ಯದಲ್ಲಿತ್ತು.”